ಮೊದಲನೇ ಗನ್ ತಗೊಳ್ಳೋ ಮುಂದ ಕೈ ನೋಡ್ರಿ

ನಮ್ಮ ಕಡೆ ಗನ್ ಮಾತು ಬಂತಂದ್ರ ಎರಡ ನಮೂನಿ ಮಂದಿ ಸಿಗ್ತಾರ. ಒಬ್ರು "ಅದೆಲ್ಲಾ ನಮ್ಮಂಥಾವ್ರಿಗೆ ಯಾಕ ಬೇಕ್ರೀ" ಅಂತ ಮಾತ ಮುರೀತಾರ, ಇನ್ನೊಬ್ರು ಮೊಬೈಲ್ ಅಂಗಡ್ಯಾಗ ಕೇಳಿದಂಗ "ಯಾವ ಮಾಡೆಲ್ ಚಲೋ ಐತಿ, ಎಷ್ಟಕ್ಕ ಬರ್ತೈತಿ" ಅಂತ ಸೀದಾ ಕೇಳ್ತಾರ. ಅದನ್ನ ಹಿಡಿಯೋ ಕೈ ಯಾರದು, ಎಂಥಾ ಅಪಾಯಕ್ಕ ಬೇಕಾಗೇತಿ, ರಾತ್ರಿ ಎಲ್ಲಿ ಇಡಾವ್ರು, ಮನ್ಯಾಗ ಹುಡುಗರು ಎಷ್ಟ ಮಂದಿ ಅದಾರ, ಇದನ್ನ ಮೊದಲ ಕೇಳಾವ್ರು ಕಡಿಮಿ. ನಾ ಧಾರವಾಡದಾಂವ, ಭಾಳ ವರ್ಷದಿಂದ ಪಿಸ್ತೂಲ್ ಶೂಟಿಂಗ್ ಮಾಡ್ಕೋತ ಬಂದೇನಿ, ಲೈಸೆನ್ಸೂ ಐತಿ, ಹಿಂಗಾಗಿ ಬೀಗರು ಗೆಳೆಯರು ಯಾರರೆ ಒಬ್ಬರು ಈ ಪ್ರಶ್ನೆ ಹಿಡಕೊಂಡು ಬರ್ತಾನ ಇರ್ತಾರ. ಎಲ್ಲಾರಿಗೂ ಫೋನ್‌ನಾಗ ತುಂಡ ತುಂಡ ಹೇಳೋದಕಿಂತ ಒಮ್ಮೆ ಕುಂತು ಪೂರ್ತಿ ಬರದುಬಿಡೋಣ ಅಂತ ಇದನ್ನ ಬರಿಯಾಕತ್ತೇನಿ.

ಬರಿಯಾಕ ನೆವ ಆಗಿದ್ದು ಬ್ಯಾಡಗಿಯೊಳಗಿನ ನಮ್ಮ ಚಿಗವ್ವನ ಮಗಳು. ಗಂಡ ತೀರಿಕೊಂಡ ಮ್ಯಾಲ ಮೆಣಸಿನಕಾಯಿ ದಲಾಲಿ ಅಂಗಡಿ ಅಕೀನ ನಡಸ್ತಾಳ. ಸೀಜನ್ ಶುರು ಆದ್ರ ಯಾರ್ಡಿನಾಗ ಸಂಜಿ ಹೊತ್ತು ಮುಳುಗಿದ್ರೂ ಲೆಕ್ಕ ಮುಗಿಯಂಗಿಲ್ಲ, ರೈತರಿಗೆ ಕೊಡೋ ರೊಕ್ಕ ಕೈಯಾಗ ಇರ್ತೈತಿ, ಮನಿಗೆ ಬರೋ ದಾರ್ಯಾಗ ಬೀದಿದೀಪ ಇದ್ದರ ಇದ್ವು ಇಲ್ಲಂದ್ರ ಇಲ್ಲ. ಅಕಿ ಫೋನ್ ಮಾಡಿ, "ಅಣ್ಣಾ, ನಿರ್ಭೀಕ ಅಂತ ಹೆಣ್ಮಕ್ಕಳ ಸಲುವಾಗಿನ ಒಂದು ರಿವಾಲ್ವರ್ ಮಾಡ್ಯಾರಂತಲ್ಲ, ಹಗುರ ಐತಂತ, ಪರ್ಸಿನಾಗ ಕುಂದರತೈತಂತ, ಅದನ್ನ ತಗೊಂಡಬಿಡು ಅಂತ ನಮ್ಮ ಮೈದುನ ಹೇಳಾಕತ್ತಾನ, ನೀ ಏನಂತಿ?" ಅಂತ ಕೇಳಿದ್ಳು. ಹೂಂ ಅಥವಾ ಉಹೂಂ ಅಂತ ಒಂದ ಮಾತಿನಾಗ ಹೇಳೋ ವಿಷಯ ಅಲ್ಲ ಇದು. ನಾ ತಿರುಗಿ ಕೇಳಿದ್ದು, "ತಂಗೀ, ನಿನಗ ಯಾರ ಅಂಜಿಕಿ ಐತಿ, ಅದನ್ನ ಮೊದಲ ಹೇಳು."

ಈ ಪ್ರಶ್ನೆ ಸುಮ್ಮ ಕೇಳಿದ್ದಲ್ಲ. ನಮ್ಮ ಭಾಗದಾಗ ಮಂದಿ ಗನ್ ನೆನಸೋದು ದೊಡ್ಡ ಘಟನೆ ಒಂದು ಆದ ಮ್ಯಾಲ, ಆದ್ರ ಆ ಘಟನೆಗೂ ಗನ್ನಿಗೂ ಸಂಬಂಧ ಕೂಡತೈತೋ ಇಲ್ಲೋ ಅಂತ ಯಾರೂ ತಾಳಿ ನೋಡಂಗಿಲ್ಲ. ಬ್ಯಾಡಗಿದನ್ನ ತಗೋರಿ. 2024ರ ಮಾರ್ಚ್‌ನಾಗ ಮೆಣಸಿನಕಾಯಿ ರೇಟ್ ಒಮ್ಮಿಂದೊಮ್ಮೆ ಬಿದ್ದಾಗ ರೈತರು ಸಿಟ್ಟಿಗೆದ್ದು ಎಪಿಎಂಸಿ ಆಫೀಸಿಗೆ ನುಗ್ಗಿದ್ರು, ಗಾಡಿಗಳಿಗೆ ಬೆಂಕಿ ಬಿತ್ತು. ಅವತ್ತಿನಿಂದ ಭಾಳ ದಲಾಲರ ಬಾಯಾಗ "ಒಂದು ಲೈಸೆನ್ಸ್ ಮಾಡಿಸಬೇಕು" ಅನ್ನೋ ಮಾತು ಬಂದೈತಿ. ಸಾವಿರಗಟ್ಟಲೆ ಮಂದಿ ಎದುರು ಆರು ಗುಂಡಿನ ರಿವಾಲ್ವರ್ ತೆಗೆದಾಂವ ತನ್ನ ಜೀವಾನೂ ಉಳಿಸ್ಕೊಳ್ಳಂಗಿಲ್ಲ, ಮಗ್ಗಲದಾಗ ನಿಂತಾವ್ರ ಜೀವಾನೂ ಉಳಸಂಗಿಲ್ಲ. ಅದಕಿಂತ ಮುಖ್ಯ, ಎದುರಿಗಿದ್ದಾವ್ರು ವರ್ಷಗಟ್ಟಲೆ ನಮ್ಮ ಅಂಗಡಿಗೆ ಮಾಲ್ ತಂದ ರೈತರು, ಅವರಿಗೆ ಗುಂಡು ಹಾರಸೋ ಯೋಚನೆ ಮನಸಿನಾಗ ಇಟಗೊಂಡು ಗನ್ ತಗೊಳ್ಳೋರಿಗೆ ನಾ ಖಂಡಿತ ಸಹಾಯ ಮಾಡಂಗಿಲ್ಲ.

ಅದ ವರ್ಷ ಏಪ್ರಿಲ್‌ನಾಗ ಹುಬ್ಬಳ್ಳಿಯೊಳಗ ಕಾಲೇಜ್ ಕ್ಯಾಂಪಸ್‌ನಾಗ ಒಬ್ಬ ವಿದ್ಯಾರ್ಥಿನಿಗೆ ಚಾಕು ಹಾಕಿ ಕೊಂದ್ರು, ಮುಂದಿನ ತಿಂಗಳನ ಇನ್ನೊಬ್ಬ ಹುಡುಗಿ ತನ್ನ ಮನ್ಯಾಗ ಹಂಗ ಹೋದ್ಳು. ಹೆಣ್ಮಕ್ಕಳ ತಂದಿ-ತಾಯಿ ರಾತ್ರಿ ನಿದ್ದಿ ಮಾಡಲಿಲ್ಲ ಆ ದಿವಸಾ. ನನ್ನ ಹತ್ರಾನೂ ಒಂದಿಬ್ಬರು ಬಂದು ಮಗಳಿಗೆ ಗನ್ ಕೊಡಸಬಹುದೇನು ಅಂತ ಕೇಳಿದ್ರು, ಅವರ ಸಂಕಟ ನೋಡಿ ನನಗ ಮಾತ ಹೊಂಡಲಿಲ್ಲ. ಆದ್ರ ಹೇಳೋದು ಹೇಳಬೇಕು. ನಮ್ಮ ಕಾಯ್ದೆ ಪ್ರಕಾರ 21 ವರ್ಷ ಆಗದೇ ಲೈಸೆನ್ಸ್ ಸಿಗಂಗಿಲ್ಲ, ಸಿಕ್ಕರೂ ಶಾಲಿ-ಕಾಲೇಜಿನ ಆವರಣದೊಳಗ ತಗೊಂಡು ಹೋಗಂಗಿಲ್ಲ, ಜಾತ್ರಿ, ಮೆರವಣಿಗಿ, ಸಭೆಗಳಿಗೂ ಒಯ್ಯಂಗಿಲ್ಲ, ಲೈಸೆನ್ಸಿನ ಷರತ್ತಿನೊಳಗನ ಅದು ಬರ್ತೈತಿ. ಬೆನ್ನ ಹತ್ತಿ ಕಾಡೋ ಹುಡುಗನ ಬಗ್ಗೆ ಮೊದಲನೇ ಸಲ ಮಗಳು ಹೇಳಿದ ದಿನಾನ ಲಿಖಿತ ದೂರು ಕೊಡೋದು, ಕಾಲೇಜಿಗೆ ತಿಳಸೋದು, ಅಕಿ ಮಾತು ನಂಬೋದು, ಇದಕ್ಕ ಬದಲಿ ಯಾವ ಗನ್ನೂ ಇಲ್ಲ.

ಮತ್ತ ಧಾರವಾಡದಾವ್ರು ಯಾರೂ ಮರಿಯಂಗಿಲ್ಲ, 2015ರ ಆಗಸ್ಟ್ 30, ರವಿವಾರ ಮುಂಜಾನೆ, ಕಲ್ಯಾಣನಗರದಾಗ ಎಂ.ಎಂ. ಕಲಬುರ್ಗಿ ಸರ್ ಮನಿ ಬಾಗಲದಾಗ ನಡದಿದ್ದು. ಗುರುತಿನಾವ್ರಂಗ ಬಂದ್ರು, ಮಾತಾಡಸಿದ್ರು, ಗುಂಡು ಹಾಕಿ ಹೋದ್ರು. 7.65 ಮಿ.ಮೀ. ನಾಡ ಪಿಸ್ತೂಲು ಅಂತ ತನಿಖೆಯೊಳಗ ಬಂತು. ಮನಿಗೆ ಬಂದಾವ್ರಿಗೆ "ಬರ್ರಿ" ಅನ್ನೋ ಊರಿನಾಗ, ತಿಜೋರ್‍ಯಾಗಿನ ರಿವಾಲ್ವರ್ ಅಂಥಾ ಗಳಿಗ್ಯಾಗ ಏನು ಮಾಡತಿತ್ತು? ಅದಕ್ಕ ಬೇಕಾಗಿದ್ದು ಬಾಗಲಾ ತಗಿಯೋಕಿಂತ ಮೊದಲ ಹೊರಗ ಯಾರು ಅಂತ ಕಾಣೋ ವ್ಯವಸ್ಥಾ, ಗಟ್ಟಿ ಗ್ರಿಲ್ಲು, ಕ್ಯಾಮೆರಾ. ಇವು ಗನ್ನಿನಕಿಂತ ಸೋವಿ, ಲೈಸೆನ್ಸೂ ಬ್ಯಾಡ, ಇವನ್ನ ಮಾಡಸದೇ ಗನ್ ಮಾತು ತಗಿಯೋದು ನನ್ನ ಪ್ರಕಾರ ತಪ್ಪು.

ಇಷ್ಟೆಲ್ಲಾ ಕಳದ ಮ್ಯಾಲ ಉಳಿಯೋದು ಸಣ್ಣ ಜಾಗ. ಒಬ್ಬ ಅಥವಾ ಇಬ್ಬರು ಎದುರು ಬಂದಾರ, ಕೈಯಾಗ ಆಯುಧ ಐತಿ, ನಾಲ್ಕು ಹೆಜ್ಜಿ ಅಂತರ, ಓಡಾಕ ದಾರಿ ಇಲ್ಲ, ಪೊಲೀಸ್ರಿಗೆ ಫೋನ್ ಮಾಡೋವಷ್ಟು ಹೊತ್ತೂ ಇಲ್ಲ, ಜೀವಾನ ಹೋಗೋ ಹಂಗೈತಿ. ಕಾಯ್ದೆನೂ ಹೆಚ್ಚು ಕಡಿಮಿ ಈ ಜಾಗದಾಗನ ನಿಂದರತೈತಿ. 2024ರ ಜುಲೈ 1ರಿಂದ ಐಪಿಸಿ ಬದಲಿ ಭಾರತೀಯ ನ್ಯಾಯ ಸಂಹಿತೆ ಬಂದೈತಿ, ಅದರಾಗ 34ರಿಂದ 44ನೇ ಕಲಂ ತನಕ ಆತ್ಮರಕ್ಷಣೆ ಹಕ್ಕಿನ ವಿಷಯ. ಅಧಿಕಾರಿಗಳ ರಕ್ಷಣೆ ಪಡಿಯೋವಷ್ಟು ಟೈಮ್ ಇದ್ದಾಗ ಆ ಹಕ್ಕು ಇಲ್ಲ, ಅವಶ್ಯ ಇದ್ದದಕಿಂತ ಹೆಚ್ಚಿನ ಪೆಟ್ಟು ಕೊಡಾಕ ಹಕ್ಕಿಲ್ಲ ಅಂತ 37ನೇ ಕಲಂ ಸ್ವಚ್ಛ ಹೇಳತೈತಿ. ರೊಕ್ಕದ ಚೀಲಾ ಕಸಗೊಂಡು ಓಡಿ ಹೋಗಾಕತ್ತಾಂವನ ಬೆನ್ನಿಗೆ ಗುಂಡು ಹಾಕಿದ್ರ ಅದು ಆತ್ಮರಕ್ಷಣೆ ಅಂತ ಕೋರ್ಟಿನಾಗ ನಿಂದ್ರಸೋದು ಭಾಳ ಕಠಿಣ. ನನ್ನ ತಂಗಿಗೆ ಇದನ್ನ ಮೊದಲ ಹೇಳ್ದೆ. "ರೊಕ್ಕ ಕೇಳಿದ್ರ ಕೊಟ್ಟಬಿಡು, ಗನ್ ಇರೋದು ರೊಕ್ಕ ಉಳಸಾಕ ಅಲ್ಲ." ಅಕಿ ಸ್ವಲ್ಪ ಹೊತ್ತು ಗಪ್ಪಾಗಿ, "ಹಂಗಾದ್ರ ರೊಕ್ಕ ಒಯ್ಯೋದನ್ನ ಕಡಿಮಿ ಮಾಡಬೇಕಲ್ಲ ಅಣ್ಣಾ" ಅಂದ್ಳು. ಇಷ್ಟು ವರ್ಷದಾಗ ಈ ವಿಷಯದ ಮ್ಯಾಲ ನಾ ಕೇಳಿದ ಮಾತಿನೊಳಗ ಶ್ಯಾಣೇರ ಮಾತು ಇದು.

ಲೈಸೆನ್ಸ್ ಸಲುವಾಗಿ ಭಾಳ ಉದ್ದ ಬರಿಯಂಗಿಲ್ಲ. ಆಯುಧದ ಮಾತು ಬಂದ್ರ ನಮ್ಮ ಮಂದಿ ಎದಿ ಸ್ವಲ್ಪ ಉಬ್ಬತೈತಿ, ಅದು ಸಹಜ, 1857ರಾಗ ಹತಾರ ಒಪ್ಪಸ್ರಿ ಅಂತ ಬ್ರಿಟಿಷರ ಕಾಯ್ದೆ ಬಂದಾಗ ಕೊಡಂಗಿಲ್ಲ ಅಂತ ಹಲಗಲಿ ಬೇಡರು ನಿಂತು ಸತ್ತರು, ಮುಂದಿನ ವರ್ಷ ನರಗುಂದದ ಬಾಬಾಸಾಹೇಬರೂ ಎದ್ದರು, ಆ ಲಾವಣಿ ಕೇಳಕೋತನ ಬೆಳದಾವ್ರು ನಾವು. ಆದ್ರ ಈಗಿನ ವ್ಯವಹಾರ 1959ರ ಆಯುಧ ಕಾಯ್ದೆ, 2016ರ ನಿಯಮದ್ದು. ಉದ್ದ ಬ್ಯಾರೆಲ್ಲಿನ ಸಾದಾ ಬಂದೂಕು, ಅಂದ್ರ ಮನಿ ಕಾಯೋ 12 ಬೋರು, ಬೆಳಿ ಕಾಯೋ ಮದ್ದು ತುಂಬೋ ಬಂದೂಕು, ಇವಕ್ಕ ಕಾಯ್ದೆ ಸ್ವಲ್ಪ ಮೆತ್ತಗ ಐತಿ. ರಿವಾಲ್ವರ್, ಪಿಸ್ತೂಲಿಗೆ ಮಾತ್ರ ನಿಮಗ ಖರೇನ ಗರಜು ಐತಿ ಅಂತ ಅಧಿಕಾರಿಗೆ ಮನವರಿಕಿ ಆಗಬೇಕು, ದೂರಿನ ಪ್ರತಿ, ವ್ಯಾಪಾರದ ಕಾಗದಪತ್ರ ಎಲ್ಲಾ ಬೇಕಾಗ್ತಾವ. ಹುಬ್ಬಳ್ಳಿ-ಧಾರವಾಡ ಸಿಟಿಯೊಳಗ ಪೊಲೀಸ್ ಕಮಿಷನರ್ ಆಫೀಸು, ಹಾವೇರಿ, ಗದಗಿನಾಗ ಡಿಸಿ ಆಫೀಸು. ಪೊಲೀಸ್ ವರದಿ, ಡಾಕ್ಟರ್ ಸರ್ಟಿಫಿಕೇಟು, ಆಯುಧ ಸುರಕ್ಷತಾ ತರಬೇತಿ ಸರ್ಟಿಫಿಕೇಟು. 2019ರ ತಿದ್ದುಪಡಿ ಆದ ಮ್ಯಾಲ ಲೈಸೆನ್ಸ್ 5 ವರ್ಷಕ್ಕ, ಒಬ್ಬರ ಹೆಸರಿಲೆ ಹೆಚ್ಚಂದ್ರ 2 ಗನ್. ನಡುವ ದಲ್ಲಾಳಿ ಹಿಡದು ಬ್ಯಾಗ ಮಾಡಸ್ತೀನಿ ಅನ್ನೋರ ಹಿಂದ ಹೋಗಬ್ಯಾಡ್ರಿ, ಖೊಟ್ಟಿ ಲೈಸೆನ್ಸಿನ ಗನ್ ಅಂದ್ರ ಲೈಸೆನ್ಸ್ ಇಲ್ಲದ ಗನ್ನ, ಜೇಲ್ ಗ್ಯಾರಂಟಿ.

ಈಗ ಯಾವ ಗನ್ ಅನ್ನೋ ವಿಷಯ. ಮೊಬೈಲಿನಾಗ ಅಮೆರಿಕದ ವಿಡಿಯೋ ನೋಡಿ 9 ಎಂಎಂ ಬೇಕು ಅಂತ ಬರೋ ಹುಡುಗರಿಗೆ ಮೊದಲನೇ ಮಾತು, ಅದು ನಮ್ಮಲ್ಲಿ ನಿಷೇಧಿತ ಬೋರು (ಬೋರು ಅಂದ್ರ ಬ್ಯಾರೆಲ್ ತೂತಿನ ಅಳತಿ), ನಮ್ಮಂಥಾವ್ರಿಗೆ ಸಿಗಂಗಿಲ್ಲ. ಸಿಗೋದು ಮುಖ್ಯ .32. ಇದರಾಗೂ ಎರಡು ಅದಾವ. ರಿವಾಲ್ವರಿನ .32 ಕಾಡತೂಸು ಬ್ಯಾರೆ, ಉದ್ದ ಇರ್ತೈತಿ, ಹಿಂದ ಅಂಚು ಇರ್ತೈತಿ, ಪಿಸ್ತೂಲಿನ .32 ಬ್ಯಾರೆ, ಅದು ಗಿಡ್ಡ, ಅದನ್ನ 7.65 ಅಂತನೂ ಅಂತಾರ. ಒಂದರದು ಇನ್ನೊಂದರಾಗ ಹಾಕಂಗಿಲ್ಲ. ಗನ್ ಯಾವದೋ ಗುಂಡೂ ಅದಕ್ಕ ಹೊಂದಬೇಕು, ಬರೇ ".32 ಕೊಡ್ರಿ" ಅಂತ ಕೇಳಿ ತರಬ್ಯಾಡ್ರಿ, ಡಬ್ಬಿ ಮ್ಯಾಲ ಬರದಿದ್ದನ್ನ ಓದಿ ತರ್ರಿ. ಈ ಎರಡೂ ಜಗತ್ತಿನ ಲೆಕ್ಕದಾಗ ಮೆತ್ತನ ಗುಂಡುಗಳು. ರಿವಾಲ್ವರಿನ .32 ಅಂತೂ 25 ಮೀಟರ್ ಸೆಂಟರ್ ಫೈರ್ ಸ್ಪರ್ಧಾದಾಗ ಇವತ್ತಿಗೂ ನಡಿಯೋ ಬೋರು, ಒದಿಯೋದು ಕಡಿಮಿ, ಗುರಿ ಚಲೋ. ಹೊಸದಾಗಿ ಕಲಿಯೋರಿಗೆ ಇದು ಕೊರತಿ ಅಲ್ಲ, ಪುಣ್ಯ ಅಂತ ನಾ ತಿಳಕೊಂಡೇನಿ.

ನಿರ್ಭೀಕ ಬಂದಿದ್ದು 2014ರ ಜನವರಿಯೊಳಗ, ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿದು, 2012ರ ದಿಲ್ಲಿ ಅತ್ಯಾಚಾರದ ಘಟನೆ ಆದ ಮ್ಯಾಲ ಹೆಣ್ಮಕ್ಕಳಿಗಂತ ಪ್ರಚಾರ ಮಾಡಿದ್ರು. ಟೈಟೇನಿಯಂ ಮಿಶ್ರಲೋಹ, ತೂಕ ಅರ್ಧ ಕಿಲೋ, ಬೆಲಿ ಅವಾಗನ ಲಕ್ಷದ ಮ್ಯಾಲ, ಬಂಗಾರದ ಸಾಮಾನ ಇಡೋವಂಥಾ ಡಬ್ಬ್ಯಾಗ ಇಟ್ಟು ಕೊಡತಿದ್ರು. ಗನ್ ಕೆಟ್ಟದ್ದು ಅಂತ ನಾ ಹೇಳಾಕತ್ತಿಲ್ಲ. ಆದ್ರ ಹೆಣ್ಮಕ್ಕಳಿಗೆ ಹಗುರಂದು, ಸಣ್ಣದು ಕೊಟ್ರ ಸಸಾರ ಆಗ್ತೈತಿ ಅನ್ನೋ ವಿಚಾರನ ಉಲ್ಟಾ. ಗುಂಡು ಅದ ಇದ್ದಾಗ ಗನ್ ಹಗುರ ಆದಷ್ಟು ಒದಿಯೋದು ಜೋರ. ಹಿಡಿಕಿ ಸಣ್ಣದಾದಷ್ಟು ಬಟ್ಟು ಕೂಡಾಕ ಜಾಗ ಇಲ್ಲ. ಬ್ಯಾರೆಲ್ ಗಿಡ್ಡ ಆದಷ್ಟು ಗುರಿ ನೋಡೋ ಮುಂದಿನ ಮೊನಿಗೂ ಹಿಂದಿನ ಸಂದಿಗೂ ಅಂತರ ಕಡಿಮಿ, ಕೈ ಕೂದಲೆಳಿಯಷ್ಟು ಅಲುಗಿದ್ರೂ ಗುರಿ ತಪ್ಪತೈತಿ. ಸಣ್ಣ ಗನ್ ಅಂದ್ರ ಪಳಗಿದಾವ್ರ ಗನ್ನು. ಹೊಸಬರಿಗೆ ಕೈ ತುಂಬೋವಷ್ಟು ಹಿಡಿಕಿ ಇರೋ, ಒಂದೀಟು ತೂಕದ ಸ್ಟೀಲಿನ ರಿವಾಲ್ವರ್ ಚಲೋ. ನನ್ನ ತಂಗಿ ಕುಟುಂಬದಾಗಿನ ಗಂಡಸರು ಕುಂತು ಅಕಿ ಪರ್ಸು ಎಷ್ಟು ದೊಡ್ಡದೈತಿ ಅಂತ ನೋಡಿದ್ರ ಹೊರತು ಅಕಿ ಕೈ ಎಷ್ಟು ದೊಡ್ಡದೈತಿ ಅಂತ ಯಾರೂ ನೋಡಿದ್ದಿಲ್ಲ.

ಲೈಸೆನ್ಸ್ ಕೈಗೆ ಬಂದ ಮ್ಯಾಲ ಅಕಿನ್ನ ಡೀಲರ್ ಹತ್ರ ನಾನ ಕರಕೊಂಡು ಹೋದೆ. ಡೀಲರ್ ವಯಸ್ಸಾದಾವ್ರು, ತಾಳ್ಮಿ ಇದ್ದಾವ್ರು, ಗನ್ ಎದುರಿಗೆ ಇಡೋಕಿಂತ ಮೊದಲ ತಗದು ಖಾಲಿ ತೋರಿಸಿ ಇಟ್ರು. ಅದನ್ನ ಅಕಿಗೂ ಮಾಡಂದೆ. ಸಿಲಿಂಡರ್ ತಗದು, ಆರೂ ತೂತಿನಾಗ ಕಣ್ಣಲೆ ನೋಡು, ಆಮ್ಯಾಲ ಕಿರಿಬಟ್ಟಿನ ತುದಿಲೆ ಒಂದೊಂದಾಗಿ ಮುಟ್ಟಿ ನೋಡು, ಯಾರ ಕೊಟ್ಟರೂ, ನಾ ಕೊಟ್ಟರೂ. ಮುಂದ ಹಿಡಿಕಿ. ಬ್ಯಾರೆಲ್ಲು ಮುಂಗೈ ಎಲುಬಿನ ನೇರಕ್ಕ ಕುಂತಿರಬೇಕು, ಹಂಗ ಕುಂತಾಗ ತೋರಬಟ್ಟಿನ ಮೊದಲ ಗೆಣ್ಣಿನ ಮೆತ್ತನ ಭಾಗ ಟ್ರಿಗರ್ ಮ್ಯಾಲ ತಾನಾಗಿ ಬರಬೇಕು. ಅಕಿ ಬಟ್ಟು ಸಣ್ಣವು. ಮೊದಲನೇ ರಿವಾಲ್ವರಿನಾಗ ಟ್ರಿಗರ್ ಮುಟ್ಟಬೇಕಂದ್ರ ಕೈನ ಹೊಳ್ಳಿಸಬೇಕಾಗಿತ್ತು, ಬ್ಯಾರೆಲ್ ಬಲಕ್ಕ ಹೋಗತಿತ್ತು. ಅದು ಬ್ಯಾಡ ಅಂತ ಕೆಳಗಿಟ್ವಿ. ಎರಡನೇದಕ್ಕ ಡೀಲರ್ ತೆಳ್ಳನ ಹಿಡಿಕಿ ಹಾಕಿಸಿ ಕೊಟ್ರು, ಬಟ್ಟು ಬರೋಬ್ಬರಿ ಬಂತು.

ಆಮ್ಯಾಲ ರೂಪಾಯಿ ನಾಣ್ಯದ ಪರೀಕ್ಷಾ. ಡಮ್ಮಿ, ಅಂದ್ರ ಮದ್ದಿಲ್ಲದ ಕಾಡತೂಸು ಹಾಕಿ, ಖಾಲಿ ಗ್ವಾಡಿ ಕಡೆ ಮುಖ ಮಾಡಿ, ಮುಂದಿನ ಮೊನಿ ಹತ್ರ ಬ್ಯಾರೆಲ್ ಮ್ಯಾಲ ನಾಣ್ಯ ಇಟ್ಟು, ಹ್ಯಾಮರ್ (ಹಿಂದಿನಿಂದ ಗುಂಡಿಗೆ ಪೆಟ್ಟು ಕೊಡೋ ಸುತ್ತಿಗಿ) ಬಟ್ಟಲೆ ಎಬ್ಬಿಸದೇ ಟ್ರಿಗರ್ ಪೂರ್ತಿ ಎಳೀಬೇಕು. ಸ್ಪರ್ಧಾದ ಏರ್ ಪಿಸ್ತೂಲಿನಾಗ ಟ್ರಿಗರ್ ಅರ್ಧ ಕಿಲೋ ತೂಕಕ್ಕ ಬೀಳತೈತಿ, ರಿವಾಲ್ವರಿನ ಡಬಲ್ ಆ್ಯಕ್ಷನ್, ಅಂದ್ರ ಟ್ರಿಗರ್ ಒಂದ ಎಳತಕ್ಕ ಹ್ಯಾಮರ್ ಎದ್ದು ಬೀಳೋ ರೀತಿಯ ಎಳತ, ನಾಲ್ಕೈದು ಕಿಲೋ ಹತ್ರ ಅಥವಾ ಅದಕ್ಕೂ ಹೆಚ್ಚು ಇರ್ತೈತಿ. ಅಕಿ ಎಳದ್ಳು, ಅರ್ಧಕ್ಕ ಬಂದು ಕೈ ನಡಗಿ ನಾಣ್ಯ ಕಾಜಿನ ಮ್ಯಾಲ ಬಿತ್ತು. ಮತ್ತ ಇಟ್ಟೆ, ಮತ್ತ ಬಿತ್ತು. "ಆಗವಲ್ದಲ್ಲ ಅಣ್ಣಾ" ಅಂದ್ಳು. ಎರಡೂ ಕೈಲೆ ಹಿಡಿ, ಎಡಗೈ ಬಟ್ಟು ಬಲಗೈ ಬಟ್ಟಿನ ಮ್ಯಾಲ ಸುತ್ತು, ಜಗ್ಗಬ್ಯಾಡ, ತಾಳಿ ತಾಳಿ ಒಂದ ಸಮ ಹಿಂದಕ್ಕ ಒತ್ತು ಅಂತ ಹೇಳಿ ಮತ್ತ ಮಾಡಸಿದೆ, ಹ್ಯಾಮರ್ ಬಿತ್ತು, ನಾಣ್ಯ ಅಲುಗಾಡಿ ಅಲ್ಲೇ ನಿಂತು. ಅದ ರೀತಿ ಒಂದು ಹಗುರ ರಿವಾಲ್ವರಿನಾಗ ಮಾಡಿ ನೋಡಂದೆ, ಅದರಾಗ ಎಷ್ಟ ಸಲ ಮಾಡಿದ್ರೂ ನಿಲ್ಲಲಿಲ್ಲ. ಯಾವ ಗನ್ ಅಂತ ನಾ ಹೇಳೋ ಅವಶ್ಯನ ಬೀಳಲಿಲ್ಲ ಮುಂದ, ತೂಕದ ಸ್ಟೀಲ್ ರಿವಾಲ್ವರನ್ನ ಅಕೀನ ಹತ್ರ ಎಳಕೊಂಡ್ಳು.

ಹ್ಯಾಮರ್ ಬಟ್ಟಲೆ ಎಬ್ಬಿಸಿ ಹಾರಸಿದ್ರ ಟ್ರಿಗರ್ ಹಗುರ ಆಗ್ತೈತಿ, ಹಂಗ ಕಲಿಸಿದ್ರ ಆತಲ್ಲ ಅಂತ ಭಾಳ ಮಂದಿ ಕೇಳ್ತಾರ. ರೇಂಜಿನಾಗ ಆತು. ಜೀವದ ಅಂಜಿಕಿಯೊಳಗ, ನಡಗೋ ಕೈಯಾಗ, ಹ್ಯಾಮರ್ ಎದ್ದು ನಿಂತ ರಿವಾಲ್ವರ್ ಅಂದ್ರ ಬಟ್ಟು ತಾಗಿದ್ರ ಸಾಕು ಹಾರತೈತಿ, ಹಾರಿಸೋ ಅವಶ್ಯ ಇಲ್ಲದಾಗಾನೂ ಹಾರತೈತಿ. ಮತ್ತ ಹಾರಸಲಿಲ್ಲಂದ್ರ ಎದ್ದ ಹ್ಯಾಮರ್ ಹೊಳ್ಳಿ ಇಳಸೋದು ಹೊಸಬರಿಗೆ ಅದಕ್ಕಿಂತ ಡೇಂಜರ್. ಹಿಂಗಾಗಿ ಆತ್ಮರಕ್ಷಣೆಗೆ ತಗೊಳ್ಳಾವ್ರು ಡಬಲ್ ಆ್ಯಕ್ಷನ್‌ನಾಗನ ಕಲಿಬೇಕು, ಅದು ಎಳಿಯಾಕ ಬರಲಾರದ ಗನ್ ಅವರದ್ದಲ್ಲ.

ಪಿಸ್ತೂಲೋ ರಿವಾಲ್ವರೋ ಅನ್ನೋ ಜಗಳ ನಮ್ಮ ಶೂಟರ್ ಗೆಳೆಯರೊಳಗ ಮುಗಿಯಂಗಿಲ್ಲ. ಸರ್ಕಾರಿ ಫ್ಯಾಕ್ಟರಿದು ಅಶನಿ ಅಂತ .32 ಪಿಸ್ತೂಲು ಐತಿ, ಚಪ್ಪಟ್ಟ ಇರೋದಕ್ಕ ಬಟ್ಟಿ ಒಳಗ ಕಾಣಂಗಿಲ್ಲ, ಮ್ಯಾಗಝಿನ್ (ಹಿಡಿಕಿ ಒಳಗ ಕೂಡೋ ಗುಂಡಿನ ಡಬ್ಬಿ) ಬದಲಿ ಮಾಡೋದು ದೌಡ ಆಗ್ತೈತಿ. ಆದ್ರ ಪಿಸ್ತೂಲಿಗೆ ಸ್ಲೈಡ್, ಅಂದ್ರ ಮ್ಯಾಲಿನ ಸರಿಯೋ ಭಾಗ, ಹಿಂದ ಜಗ್ಗಾಕ ಮುಂಗೈ ಬಲ ಬೇಕು, ಹಿಡಿತ ಸಡಲಿದ್ರ ಖಾಲಿ ಕಾಡತೂಸು ಹೊರಗ ಬೀಳದೇ ನಡುವ ಸಿಕ್ಕೋತೈತಿ, ಮ್ಯಾಗಝಿನ್ ತಗದ ಮ್ಯಾಲೂ ಒಳಗ ಒಂದು ಗುಂಡು ಉಳದಿರತೈತಿ. ಈ ಕಡೇದ್ದಕ್ಕ ಎಷ್ಟೋ ಮನ್ಯಾಗ ಜೀವ ಹೋಗ್ಯಾವ, ಖಾಲಿ ಐತಿ ಅಂತ ತಿಳದು. ರಿವಾಲ್ವರಿನಾಗ ಗುಂಡು ಠುಸ್ ಆದ್ರ ಮತ್ತೊಮ್ಮೆ ಟ್ರಿಗರ್ ಎಳದ್ರ ಮುಂದಿಂದು ಬರ್ತೈತಿ, ತಗದು ನೋಡಿದ್ರ ತುಂಬೇತೋ ಇಲ್ಲೋ ಕಣ್ಣಿಗೆ ಕಾಣತೈತಿ. ತಿಂಗಳಿಗೊಮ್ಮೆ ರೇಂಜಿಗೆ ಬರೋ ಮನಿಷ್ಯಾಗ ರಿವಾಲ್ವರ್ ಅಂತನ ನನ್ನ ಅಭಿಪ್ರಾಯ. .22 ರಿವಾಲ್ವರ್ ಕೇಳೋರಿಗೆ, ಕಲಿಯಾಕ ಅದು ಭಾಳ ಚಲೋ, ಆದ್ರ .22 ಗುಂಡು ಠುಸ್ ಆಗೋದು ಹೆಚ್ಚು, ಅದರ ಪೆಟ್ಟೂ ಕಡಿಮಿ, ಜೀವ ಅದರ ಮ್ಯಾಲ ಇಡಬ್ಯಾಡ್ರಿ.

2023ರಾಗ ಕಾನ್ಪುರದ ಸರ್ಕಾರಿ ಕಂಪನಿ ಪ್ರಬಲ್ ಅಂತ ಹೊಸ .32 ರಿವಾಲ್ವರ್ ತಂತು, ಸಿಲಿಂಡರ್ ಮಗ್ಗಲಕ್ಕ ಹೊರಗ ಬರ್ತೈತಿ, ತುಂಬಾಕ ಖಾಲಿ ಮಾಡಾಕ ಹಳೇ ಮುರದು ತುಂಬೋ ರಿವಾಲ್ವರಿಗಿಂತ ಸಸಾರ, ಅದು ಖರೇನ ಉಪಯೋಗದ ಸುಧಾರಣಾ. ಉತ್ತರ ಪ್ರದೇಶದ ಹರ್ದೋಯಿಯೊಳಗ ವೆಬ್ಲಿ ಆ್ಯಂಡ್ ಸ್ಕಾಟ್‌ನವರೂ .32 ಮಾಡ್ತಾರ. ಆದ್ರ ಪ್ರಬಲ್ ಪ್ರಚಾರದಾಗ ಎಲ್ಲಾರೂ ಹಿಡಕೊಂಡಿದ್ದು 50 ಮೀಟರ್ ರೇಂಜು ಅನ್ನೋದನ್ನ. 50 ಮೀಟರ್ ದೂರ ನಿಂತಾಂವನ ಕಡಿಂದ ಓಡಿ ಹೋಗಾಕ ದಾರಿ ಇರ್ತೈತಿ, ಅಲ್ಲಿ ಹಾರಿಸಿದ ಗುಂಡಿಗೆ ಕೋರ್ಟಿನಾಗ ಉತ್ತರ ಕೊಡೋದು ನಿಮಗ ಬರಂಗಿಲ್ಲ. ನೀವು ಕಲಿಬೇಕಾಗಿದ್ದು ಮೂರರಿಂದ ಏಳು ಮೀಟರ್. ಇನ್ನ ಹಳೇ ವಿದೇಶಿ ಪಿಸ್ತೂಲಿನ ಹುಚ್ಚು ಒಂದೈತಿ. 1980ರ ದಶಕದ ನಡುವಿನಿಂದ ಸಾಮಾನ್ಯ ಮಂದಿಗೆ ಆಮದು ಬಂದ್ ಆಗಿದ್ದಕ್ಕ ಅಜ್ಜನ ಕಾಲದ ವಾಲ್ಥರ್, ವೆಬ್ಲಿ ಲಕ್ಷಗಟ್ಟಲೆ ರೇಟಿಗೆ ಕೈ ಬದಲಸ್ತಾವ. ಮಾನದ ವಸ್ತು ಅಂತ ತಗೋರಿ ಬೇಕಾದ್ರ, ಸ್ಪ್ರಿಂಗ್ ಮುರದ್ರ ಬಿಡಿಭಾಗ ಸಿಗಲಾರದ ಗನ್ನನ್ನ ಜೀವ ಉಳಸಾಕಂತ ಹೊಸಬರಿಗೆ ಕೊಡಬ್ಯಾಡ್ರಿ.

ಕಾಡತೂಸಿನ ಮಾತು ಮರತ್ರ ಎಲ್ಲಾ ಮರತಂಗ. ವರ್ಷಕ್ಕ ಎಷ್ಟು, ಒಂದ ಸಲಕ್ಕ ಎಷ್ಟು ಅಂತ ಲೈಸೆನ್ಸಿನಾಗನ ಬರದಿರತೈತಿ, ಪುಣೆ ಹತ್ರ ಖಡಕಿ ಫ್ಯಾಕ್ಟರಿಯಿಂದ ಬರೋ ಗುಂಡು ಡೀಲರ್ ಹತ್ರ ಯಾವಾಗಲೂ ಇರ್ತಾವಂತಲ್ಲ, ಇದ್ದಾಗ ಸೋವಿ ಅಲ್ಲ. ಹಿಂಗಾಗಿ ನಮ್ಮಲ್ಲಿ ಗನ್ ತಗೊಂಡಾವ್ರೊಳಗ ಭಾಳ ಮಂದಿ ಆ ಗನ್ನಿನಿಂದ ಒಂದು ಡಬ್ಬಿ ಗುಂಡೂ ಹಾರಿಸಿರಂಗಿಲ್ಲ, ದಸರಾದಾಗ ಪೂಜಾ ಮಾಡಿ ಮತ್ತ ಒಳಗ ಇಡ್ತಾರ. ಕಲಿಯಾಕ ದಾರಿ ಐತಿ. ಮೊದಲ 10 ಮೀಟರ್ ಏರ್ ಪಿಸ್ತೂಲ್. 2024ರ ಪ್ಯಾರಿಸ್ ಒಲಿಂಪಿಕ್ಸಿನಾಗ ಮನು ಭಾಕರ್ ಎರಡು ಕಂಚು ತಂದ ಮ್ಯಾಲ ನಮ್ಮ ಕಡೆ ಹುಡುಗ್ಯಾರೂ ಕೇಳಿಕೋತ ಬರಾಕತ್ತಾರ, ಸಂತೋಷ ಅದು. ಉಸಿರು, ಗುರಿ, ಟ್ರಿಗರ್, ಈ ಮೂರೂ ಅಲ್ಲೇ ಕೂಡತಾವ, ಛರ್ರಾ ಖರ್ಚು ಕಡಿಮಿ. ಜೊತಿಗೆ ಮನ್ಯಾಗ ದಿನಾ ಸ್ವಲ್ಪ ಹೊತ್ತು ಡ್ರೈ ಫೈರ್, ಅಂದ್ರ ಗುಂಡಿಲ್ಲದೇ ಟ್ರಿಗರ್ ಎಳಿಯೋ ಅಭ್ಯಾಸ, ಖಾಲಿ ಗನ್, ಡಮ್ಮಿ ಕಾಡತೂಸು, ನಾಣ್ಯ. ಖರೇ ಗುಂಡು ಆ ಖೋಲ್ಯಾಗ ಇರಬಾರದು, ಪಕ್ಕದ ಖೋಲ್ಯಾಗ ಬೀಗದಾಗ ಇರ್ಲಿ. ಅದಾದ ಮ್ಯಾಲ ಇದ್ದ ಗುಂಡನ್ನ ಜ್ವಾಕ್ಯಾಗಿ ರೇಂಜಿನಾಗ ಖರ್ಚು ಮಾಡ್ರಿ, ಉಳಸಿ ಉಳಸಿ ಇಡಬ್ಯಾಡ್ರಿ.

ಪರ್ಸಿನ ವಿಷಯಕ್ಕ ಹೊಳ್ಳಿ ಬರ್ತೀನಿ, ಯಾಕಂದ್ರ ಹೆಣ್ಮಕ್ಕಳಿಗೆ ಗನ್ ಅಂದ ಕೂಡಲೆ ಎಲ್ಲಾರೂ ಅದನ್ನ ಪರ್ಸಿನಾಗ ಇಡಸ್ತಾರ. ಕಳ್ಳ ಮೊದಲ ಕೈ ಹಾಕೋದು ಎದಕ್ಕ? ಚೀಲಕ್ಕ. ರೊಕ್ಕ, ಮೊಬೈಲು, ಗನ್ ಮೂರೂ ಒಂದ ಚೀಲದಾಗ ಇದ್ರ ಅವಾ ಜಗ್ಗಿದ ಗಳಿಗ್ಯಾಗ ನಿಮ್ಮ ಗನ್ ಅವನ ಕೈಯಾಗ ಹೋತು, ಅದರ ನಂಬರು ನಿಮ್ಮ ಲೈಸೆನ್ಸಿನಾಗ ಐತಿ. ಗನ್ ಮೈಮ್ಯಾಲನ ಇರಬೇಕು, ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಹೋಲ್‌ಸ್ಟರಿನಾಗ, ಗಟ್ಟಿ ಬೆಲ್ಟಿಗೆ. ನಮ್ಮ ತಂಗಿ ಅಂಗಡಿಗೆ ಸೀರಿ ಉಟ್ಟು ಹೋಗಾಕಿ. ಸೀರಿ ಮ್ಯಾಲ ಹೆಂಗ ಅಂತ ಭಾಳ ಯೋಚನೆ ಮಾಡಿ, ಕಡೀಕ ರೊಕ್ಕ ಒಯ್ಯೋ ದಿನ ಚೂಡಿದಾರ, ಮ್ಯಾಲೊಂದು ಸಡಲ ಜಾಕೀಟು ಅಂತ ಅಕೀನ ಠರಾಯಿಸಿದ್ಳು. ಆಮ್ಯಾಲ ರೈತರ ಪಟ್ಟಿ ದುಡ್ಡನ್ನ ಆದಷ್ಟು ಬ್ಯಾಂಕಿನ್ಯಾಗನ ಹಾಕೋದು ಶುರು ಮಾಡಿದ್ಳು, ಸಂಜಿ ಹೊತ್ತು ಹಮಾಲರ ಪೈಕಿ ನಂಬಿಗಸ್ತ ಒಬ್ಬಾಂವ ಜೊತಿಗೆ ಬರ್ತಾನ, ದಾರಿ ದಿನಾ ಒಂದ ಇರಂಗಿಲ್ಲ. ಇಷ್ಟು ಮಾಡಿದ ಮ್ಯಾಲ ಗನ್ ಕಟಗೊಂಡು ಹೋಗೋ ದಿನಾನ ಕಡಿಮಿ ಆಗ್ಯಾವ, ಅದು ನನಗ ಎಲ್ಲಾದಕ್ಕೂ ಹೆಚ್ಚಿನ ಸಮಾಧಾನ.

ಈಗ ಮನಿ ಒಳಗಿನ ಮಾತು. ಅಕಿಗೆ ಶಾಲಿಗೆ ಹೋಗೋ ಮಗಾ ಅದಾನ. ಅಲಮಾರ್‍ಯಾಗ ಸೀರಿ ಕೆಳಗ ಇಟ್ರ ಹುಡುಗರಿಗೆ ಗೊತ್ತಾಗಂಗಿಲ್ಲ ಅಂತ ತಿಳಿಯೋ ತಾಯಂದಿರಿಗೆ ಹೇಳೋದಿಷ್ಟ, ನಿಮ್ಮ ಮನ್ಯಾಗ ಬೆಲ್ಲದ ಡಬ್ಬಿ ಎಲ್ಲಿ ಮುಚ್ಚಿಟ್ಟರೂ ಅವಕ್ಕ ಗೊತ್ತಿರತೈತಿ. ಗ್ವಾಡಿಗೆ ಬೋಲ್ಟ್ ಹಾಕಿದ ಸಣ್ಣ ಸ್ಟೀಲ್ ಲಾಕರ್, ಗುಂಡು ಬ್ಯಾರೆ ಕಡೆ ಬ್ಯಾರೆ ಬೀಗ, ಕೀಲಿ ಅಕಿ ಹತ್ರ ಅಷ್ಟ. ಮೈದುನ "ಒಂದು ಕೀಲಿ ನನ್ನ ಹತ್ರಾನೂ ಇರ್ಲಿ ವೈನಿ" ಅಂದನಂತ. ಲೈಸೆನ್ಸ್ ಅಕಿ ಹೆಸರಿಲೆ ಐತಿ, ಕೊಡಂಗಿಲ್ಲ ಅಂದಾಳ, ಬರೋಬ್ಬರಿ ಮಾಡ್ಯಾಳ. ಇನ್ನೊಂದು ಮಾತು, ಇದನ್ನ ಯಾರೂ ಬಾಯಿ ಬಿಟ್ಟು ಆಡಂಗಿಲ್ಲ ಅಂತನ ನಾ ಬರಿಯಾಕತ್ತೇನಿ. ಮನ್ಯಾಗ ಗನ್ ಇದ್ರ ಆತ್ಮಹತ್ಯೆ ಅಪಾಯ ಹೆಚ್ಚು ಅನ್ನೋದು ಹೊರದೇಶದ ಸಂಶೋಧನಾದಾಗ ಮತ್ತ ಮತ್ತ ಕಂಡ ಸಂಗತಿ. ಸಾಲ, ಮಳಿ ಕೈಕೊಟ್ಟ ವರ್ಷ, ಅಂಥಾ ಗಳಿಗ್ಯಾಗ ಬೆಳಿಗೆ ಹೊಡಿಯೋ ಎಣ್ಣಿ ಕುಡದು ಹೋದಾವ್ರನ್ನ ಹಾವೇರಿ ಗದಗ ಜಿಲ್ಲಾದಾಗ ಊರೂರಿಗೆ ನೋಡೇವಿ ನಾವು. ಆ ಗಳಿಗಿ ದಾಟಿದ್ರ ಭಾಳ ಮಂದಿ ಬದುಕತಾರ, ಕೈ ಹತ್ರ ಗನ್ ಇದ್ರ ಆ ಗಳಿಗಿ ದಾಟಂಗಿಲ್ಲ. ಮನ್ಯಾಗ ಯಾರರೆ ಮನಸ್ಸಿನ ತ್ರಾಸಿನಾಗ ಇದ್ರ, ಕುಡಿಯೋ ಚಟ ಇದ್ರ, ಗಂಡ-ಹೆಂಡತಿ ಜಗಳ ಕೈ ಎತ್ತೋ ಮಟ ಹೋಗತಿದ್ರ, ದಯಮಾಡಿ ಗನ್ ತರಬ್ಯಾಡ್ರಿ. ಇದ್ರ, ಆ ದಿನಗಳು ಕಳಿಯೋ ತನಕ ಡೀಲರ್ ಹತ್ರನೋ ಠಾಣೆದಾಗೋ ಜಮಾ ಮಾಡ್ರಿ. ಹಂಗ ಮದವಿ ಮೆರವಣಿಗ್ಯಾಗ ಹಾರಸೋರಿಗೂ ಹೇಳ್ತೀನಿ, 2019ರಿಂದ ಅದಕ್ಕ ಎರಡು ವರ್ಷದ ತನಕ ಜೇಲು, ಒಂದು ಲಕ್ಷದ ತನಕ ದಂಡ, ಮ್ಯಾಲ ಹೋದ ಗುಂಡು ಕೆಳಗ ಯಾರದರೆ ಕೂಸಿನ ಮ್ಯಾಲನ ಬೀಳತೈತಿ.

ಹುಬ್ಬಳ್ಳಿ ಹಳೇ ಓಣಿಗಳಾಗ ಇರಾವ್ರು ಇದನ್ನೂ ನೆನಪಿಡ್ರಿ, ನಿಮ್ಮ ಗ್ವಾಡಿ ಆ ಕಡೆ ಇನ್ನೊಬ್ರ ಮಲಗೋ ಖೋಲಿ, ಬಾಗಲದ ಆ ಕಡೆ ರಸ್ತಾ. ತಗಡು, ಪ್ಲೈವುಡ್ ಬಾಗಲಾ .32 ಗುಂಡು ದಾಟತೈತಿ. ಯಾವ ಮೂಲ್ಯಾಗ ನಿಂತು ಯಾವ ದಿಕ್ಕಿಗೆ ಹಾರಿಸಿದ್ರ ಕಲ್ಲಿನ ಗ್ವಾಡಿ ಬರ್ತೈತಿ ಅಂತ ಗನ್ ಮನಿಗೆ ತಂದ ದಿನಾನ ನೋಡಿ ಇಟಗೋಬೇಕು. ನಮ್ಮ ತಂಗಿ ಮನ್ಯಾಗ ಪಡಸಾಲಿಯೊಳಗ ಅಂಥಾ ದಿಕ್ಕು ಒಂದ ಐತಿ, ಅಡಗಿಮನಿಯಿಂದ ಹೊರಗ ನೋಡಿದ್ರ ಆಚಿ ಮನಿ ಹುಡುಗರು ಓದಕೋತ ಕುಂದರೋ ಕಟ್ಟಿ, ಅತ್ತ ಯಾವ ಕಾರಣಕ್ಕೂ ಗನ್ ಮುಖ ಮಾಡಂಗಿಲ್ಲ ಅಂತ ಅಕಿ ಮಾತಾಗೇತಿ.

ಚುನಾವಣಾ ಬಂದ್ರ ಗನ್ ಠಾಣೆದಾಗ ಜಮಾ ಮಾಡ್ರಿ ಅಂತ ನೋಟಿಸ್ ಬರೋದು ನಮ್ಮಲ್ಲಿ ಮಾಮೂಲಿ, ಅದಕ್ಕೂ ತಯಾರಿರಬೇಕು, ಆ ತಿಂಗಳುಗಳಾಗ ಗನ್ ಇಲ್ಲದ ನಿಮ್ಮ ಸುರಕ್ಷಾ ಹೆಂಗ ಅನ್ನೋದು ಮೊದಲ ಯೋಚನೆ ಮಾಡಿರಬೇಕು. ಜಮಾ ಮಾಡೋ ಮುಂದ ಗುಂಡು ಎಣಿಸಿ ಕೊಡ್ರಿ, ನಂಬರ್ ಹಚ್ಚಿದ ರಸೀದಿ ತಗೋರಿ, ಫೋಟೋ ಹೊಡದು ಇಟಗೋರಿ. ವಾಪಸ್ ತಂದ ದಿನಾ ಸೀದಾ ಸೊಂಟಕ್ಕ ಕಟಗೋಬ್ಯಾಡ ಅಂತ ತಂಗಿಗೆ ಹೇಳೇನಿ. ಮೊದಲ ಸಿಲಿಂಡರ್ ತಗದು ಆರೂ ತೂತು ನೋಡು, ಕಿಲುಬು ಹತ್ತೇತೇನು ನೋಡಿ ಒರಸು, ತೆಳ್ಳಗ ಎಣ್ಣಿ ಹಚ್ಚು, ನಾಣ್ಯ ಇಟ್ಟು ನಾಲ್ಕು ದಿನ ಡ್ರೈ ಫೈರ್ ಮಾಡು, ಆಮ್ಯಾಲ ಇಲ್ಲಿಗೆ ಬಾ, ರೇಂಜಿನಾಗ ಒಂದು ಸಿಲಿಂಡರ್ ಖಾಲಿ ಮಾಡಿ ನೋಡೋಣ, ಗುಂಡು ಹೋಗಬೇಕಾದ ಕಡೆ ಹೋದ್ರ ಮಾತ್ರ ಒಯ್ಯು.